ಬಣವಿ ಮೇಲೆ ಇಳಿಯುವ ವಿಮಾನ

ವಿಮಾನಶಾಸ್ತ್ರ ಕಲಿಸುವವರು ಸದಾ ಆಕಾಶ ನೋಡುತ್ತಿರುತ್ತಾರೆ ಅಂತ ಜನ ತಿಳಿದಿದ್ದಾರೆ. ನಮಗೆ ನೆಲದ ಮೇಲೆ ನಡೆಯುವುದನ್ನು ನೋಡಿಯೇ ಮುಗಿಯುವುದಿಲ್ಲ. ಬೈಲಹೊಂಗಲದಿಂದ ನೇಸರಗಿಗೆ ಹೋಗುವ ರಸ್ತೆಯಲ್ಲಿ ನಮ್ಮ ವಿಶ್ವವಿದ್ಯಾಲಯದ ವಿಮಾನ ಇಂಜಿನಿಯರಿಂಗ್ ವಿಭಾಗವಿದೆ. ನಾನು ಅಲ್ಲಿ ಅತಿಥಿ ಉಪನ್ಯಾಸಕಿ. ಅತಿಥಿ ಅಂದರೆ ಚಹಾ ಕೊಡುತ್ತಾರೆ, ಕುರ್ಚಿ ಖಾಯಂ ಮಾಡುವುದಿಲ್ಲ.

ಕಳೆದ ವರ್ಷ ಸೇರುವ ಹುಡುಗರು ಕಡಿಮೆಯಾದರು. ಒಂದು ಸಮಿತಿ ಬಂದು ನೋಡುತ್ತದೆ, ಹೇಳಿಕೊಳ್ಳುವಂಥ ಸಾಧನೆ ಕಾಣದಿದ್ದರೆ ವಿಭಾಗ ಮುಚ್ಚಿ ಮೆಕ್ಯಾನಿಕಲ್‌ನವರ ಜೊತೆ ಸೇರಿಸುತ್ತದೆ ಅಂತ ಸುದ್ದಿ ಬಂತು. ಸೇರಿಸಿದರೆ ಮೊದಲು ಮನೆಗೆ ಹೋಗುವವಳು ನಾನು. ನಮ್ಮ ವಿಭಾಗದ ಮುಖ್ಯಸ್ಥರು, ಅಂದರೆ ನಾವೆಲ್ಲ ‘ಸರ್’ ಅನ್ನುವವರು, ಅಂದಿನಿಂದ ಕಂಡಕಂಡಲ್ಲಿ ಸಾಧನೆ ಹುಡುಕತೊಡಗಿದರು. ಅಂಥ ಭಯದ ವರ್ಷದಲ್ಲೂ ನಗು ಬಂದಿದ್ದರೆ ಅದು ನಮ್ಮ ತಪ್ಪಲ್ಲ.

ಶಾವಿಗೆ

ನಮ್ಮಲ್ಲೊಂದು ಗಾಳಿ ಸುರಂಗವಿದೆ. ಉದ್ದನೆಯ ಪೆಟ್ಟಿಗೆ, ಒಂದು ತುದಿಗೆ ದೊಡ್ಡ ಫ್ಯಾನು. ನಡುವೆ ರೆಕ್ಕೆಯ ಮಾದರಿ ಇಟ್ಟು, ಗಾಳಿ ಅದನ್ನು ಎಷ್ಟು ಎತ್ತುತ್ತದೆ ಅಂತ ಹುಡುಗರು ಅಳೆಯುತ್ತಾರೆ. ಕೆಲಸ ಮುಗಿಸಿದ ಗಾಳಿ ಹಿಂದಿನ ಕಿಟಕಿಯಿಂದ ಓಣಿಗೆ ಹೋಗುತ್ತದೆ.

ಆ ಗಾಳಿಗೆ ಶಾವಿಗೆ ಬೇಗ ಒಣಗುತ್ತದೆ ಅನ್ನುವುದನ್ನು ಓಣಿಯ ಹೆಂಗಸರು ಯಾವಾಗಲೋ ಕಂಡುಕೊಂಡಿದ್ದರು. ನಮಗೆ ಗೊತ್ತಾದದ್ದು ಪ್ರಾಕ್ಟಿಕಲ್ ರದ್ದಾದ ಒಂದು ದಿನ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೆಂಗಸರ ಗುಂಪೊಂದು ಸರ್ ಕೋಣೆಗೇ ಬಂತು. ಇವತ್ತು ಗಾಳಿ ಯಾಕೆ ಬಿಟ್ಟಿಲ್ಲ ಅಂತ ಕೇಳಿದರು. ಹುಡುಗರೆಲ್ಲ ರಜೆ ಹಾಕಿ ಸವದತ್ತಿ ಗುಡ್ಡಕ್ಕೆ ಹೋಗಿದ್ದಾರೆ, ಪಾಠವಿಲ್ಲ ಅಂತ ಸರ್ ಸಮಾಧಾನ ಹೇಳಿದರು.

ಮುಂದೆ ನಿಂತಿದ್ದ ಅಜ್ಜಿ ಕೇಳಿದಳು: “ನಿಮ್ಮ ಹುಡುಗ್ರು ಕಲೀಲಿಲ್ಲಂದ್ರ ನಮ್ಮ ಶಾವಿಗಿ ಯಾಕ ಬೂಸ್ಟ ಹಿಡೀಬೇಕ್ರಿ?”

ಸರ್ ಎದ್ದು ಹೋಗಿ ತಾವೇ ಫ್ಯಾನು ಹಾಕಿದರು. ನಾನು ಎಷ್ಟು ಹೇಳಿದರೂ ಹೊತ್ತಿಗೆ ಸರಿಯಾಗಿ ನಡೆಯದ ಪ್ರಾಕ್ಟಿಕಲ್ಲು ಆ ಬೇಸಿಗೆ ಪೂರ್ತಿ ಒಂದು ದಿನವೂ ತಪ್ಪಲಿಲ್ಲ. ಸಾಧನೆಗಳ ಫಲಕದಲ್ಲಿ ಸರ್ ಅದನ್ನು ‘ಸಮಾಜಮುಖಿ ಸಂಶೋಧನೆ’ ಅಂತ ಬರೆಸಿದರು.

ನಿಂಬೆಹಣ್ಣು

ವಿಭಾಗದ ಮುಂದೆ ಕಟ್ಟೆಯ ಮೇಲೆ ಹಳೆಯ ಜೆಟ್ ಇಂಜಿನ್ ಇದೆ. ಅದು ನೋಡುವುದಕ್ಕೆ ಮಾತ್ರ. ಖಂಡೇ ಪೂಜೆಯ ದಿನ, ಅಂದರೆ ಆಯುಧಪೂಜೆಯಂದು, ಅದಕ್ಕೆ ವಿಭೂತಿ ಬಳಿದು, ಬಾಳೆಕಂಬ ಕಟ್ಟಿ, ಜೋರಾಗಿ ಪೂಜೆ ಮಾಡಿದೆವು. ಗಾಲಿಗಳ ಕೆಳಗೆ ಇಡಲು ನಮ್ಮ ಜವಾನರು ನಾಲ್ಕು ನಿಂಬೆಹಣ್ಣು ತಂದಿದ್ದರು. ಇಂಜಿನ್ನಿಗೆ ಗಾಲಿಯೇ ಇಲ್ಲ ಅನ್ನುವುದು ಆಮೇಲೆ ನೆನಪಾಯಿತು.

ಕೂಡಲೇ ಚರ್ಚೆ ಶುರುವಾಯಿತು. ಗಾಳಿ ಒಳಗೆ ಹೋಗುವ ಬಾಯಿಯಲ್ಲಿ ಇಡಬೇಕು ಅಂತ ಒಬ್ಬರು. ಹೊರಗೆ ಬರುವ ಕಡೆ ಇಟ್ಟರೆ ಕೆಟ್ಟ ದೃಷ್ಟಿ ಹಾರಿಹೋಗುತ್ತದೆ ಅಂತ ಇನ್ನೊಬ್ಬರು. ಪಿಎಚ್.ಡಿ. ಆದವರೆಲ್ಲ ಸೇರಿ ಕಟ್ಟೆಯ ಮೇಲೆ ಚಿತ್ರ ಬಿಡಿಸಿ ವಾದ ಮಾಡಿದೆವು. ಸಮಿತಿ ಬರುವ ವರ್ಷ ತಪ್ಪಾಗಬಾರದು ಅಂತ ನಾನೂ ದನಿ ಏರಿಸಿದೆ. ಅಷ್ಟರಲ್ಲಿ ನೋಡಿದರೆ ನಿಂಬೆಹಣ್ಣೇ ಇಲ್ಲ. ಜವಾನರು ಅವನ್ನು ಸರ್ ಕಾರಿನ ನಾಲ್ಕೂ ಗಾಲಿಗೆ ಇಟ್ಟು ಬಂದಿದ್ದರು. ಯಾಕಪ್ಪಾ ಅಂತ ಸರ್ ಕೇಳಿದರು.

“ನಮ್ಮ ವಿಭಾಗದಾಗ ಓಡೂದು ಅದೊಂದಽ ರೀ ಸರ.”

ಬಣವಿ

ಸಮಿತಿಗೆ ತೋರಿಸಲೆಂದು ನನ್ನ ಹುಡುಗರು ಒಂದು ಸಣ್ಣ ವಿಮಾನ ಕಟ್ಟಿದ್ದರು, ರಿಮೋಟಿನಿಂದ ಹಾರಿಸುವಂಥದ್ದು. ನಮ್ಮ ಆಸೆಯೆಲ್ಲ ಅದರ ಮೇಲೆಯೇ ಇತ್ತು. ಅದೋ, ಏರುವುದು, ಮೂಗು ಮೇಲೆತ್ತಿ ಮುಗಿಲು ನೋಡುವುದು, ಪಲ್ಟಿ ಹೊಡೆದು ಬೀಳುವುದು. ಬೀಳುವುದು ಯಾವಾಗಲೂ ಪಕ್ಕದ ಹೊಲದ ಕಣಕಿ ಬಣವಿಯ ಮೇಲೆ, ಅಂದರೆ ಜೋಳದ ದಂಟಿನ ಮೆದೆಯ ಮೇಲೆ. ಹೊಲದ ಯಜಮಾನರು ಮೊದಲು ಬೈದರು. ಆಮೇಲೆ ಎತ್ತಿಕೊಂಡು ಬಂದು ಕೊಡತೊಡಗಿದರು. ಕೊನೆಗೆ ಬಣವಿಗೆ ಒಂದು ಏಣಿಯನ್ನೇ ಹಚ್ಚಿಟ್ಟರು.

ಒಂದು ಸಲ ಮೋಟಾರು ಸುಟ್ಟು ವಾರವಿಡೀ ಹಾರಿಸಲಿಲ್ಲ. ಅವರ ಫೋನು ಬಂತು.

“ಮೇಡಮ್ಮಾರ, ನಿಮ್ಮ ಇಮಾನ ಈ ಕಡೆ ಬಂದಽ ಇಲ್ಲಲ್ರಿ. ಆರಾಮ ಐತಿಲ್ಲೊ?”

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ವಿಮಾನವನ್ನು ಅಷ್ಟು ಪ್ರೀತಿಯಿಂದ ವಿಚಾರಿಸಿದವರು ಜಗತ್ತಿನಲ್ಲಿ ಅವರೊಬ್ಬರೇ.

ಸತ್ಕಾರ

ಸಮಿತಿ ಬಂದೇ ಬಂತು. ನಮ್ಮ ಕಡೆ ಯಾರು ಬಂದರೂ ಮೊದಲು ಸತ್ಕಾರ, ಆಮೇಲೆ ಕೆಲಸ. ಶಾಲು, ಪೇಟ, ತೋಳಿನಷ್ಟು ದಪ್ಪ ಚೆಂಡು ಹೂವಿನ ಮಾಲೆ, ಎಲ್ಲ ತರಿಸಿದ್ದೆವು. ಆದರೆ ಬರಬೇಕಿದ್ದ ಸದಸ್ಯರೊಬ್ಬರು ಬರಲಿಲ್ಲ. ಒಂದು ಮಾಲೆ ಉಳಿಯಿತು. ಸತ್ಕಾರಕ್ಕೆ ತಂದ ಮಾಲೆ ಹಾಗೇ ಉಳಿಯಬಾರದು ಅಂತ ಸರ್ ಅದನ್ನು ಸಮಿತಿಯ ಅಧ್ಯಕ್ಷೆಯ ಕೈಗೆ ಕೊಟ್ಟು, ನಮ್ಮ ವಿಮಾನಕ್ಕೆ ಹಾಕಿರಿ ಅಂದರು. ಅವರು ಭಕ್ತಿಯಿಂದ ಅದರ ಮೂಗಿಗೆ ಎರಡು ಸುತ್ತು ಸುತ್ತಿದರು. ಚಪ್ಪಾಳೆ ಬಿತ್ತು.

ವಿಮಾನದ ಫ್ಯಾನು ರೆಕ್ಕೆಯ ಹಿಂದೆ ಇತ್ತು, ಮಾಲೆ ಅದಕ್ಕೆ ಸಿಗುತ್ತಿರಲಿಲ್ಲ. ಆದರೆ ಅಷ್ಟು ಭಾರ ಹೊತ್ತು ಅದು ಏಳುವುದುಂಟೇ? ತೆಗೆಯೋಣ ಅಂತ ಸರ್ ಕಿವಿಯಲ್ಲಿ ಹೇಳಿದೆ.

“ಅವರು ಹಾಕಿದ ಮಾಲಿ ಅವರ ಮುಂದಽ ತಗದ್ರ ಅವಮಾನ ಆಗತೈತ್ರಿ ಮೇಡಂ,” ಅಂದರು ಸರ್. “ಇಮಾನ ಬಿದ್ರ ಬೀಳಲಿ, ಮಾಲಿ ಬೀಳಬಾರದು.”

ನನ್ನ ಕೆಲಸ ಹೋಯಿತು ಅಂತ ಖಾತ್ರಿ ಮಾಡಿಕೊಂಡು ನಿಂತೆ. ಹೊಲದ ಯಜಮಾನರು ಅಭ್ಯಾಸಬಲದಿಂದ ಏಣಿ ಹತ್ತಿ ಕಾಯುತ್ತಿದ್ದರು. ವಿಮಾನ ಓಡಿತು, ಎದ್ದಿತು, ಮೂಗು ಎತ್ತಲೇ ಇಲ್ಲ. ನೆಟ್ಟಗೆ ಹೋಗಿ, ಬಣವಿಯ ಮೇಲೆ ಒಂದು ಸುತ್ತು ಹಾಕಿ, ಮಾಲೆಯ ಸಮೇತ ಅಧ್ಯಕ್ಷೆಯ ಮುಂದೆ ಇಳಿಯಿತು. ಇಷ್ಟು ದಿನ ಅದರ ಬಾಲ ಭಾರವಾಗಿತ್ತು. ಮೂಗಿಗೆ ಬೇಕಿದ್ದ ತೂಕ ಚೆಂಡು ಹೂವಿನಿಂದ ಬಂದಿತ್ತು. ಸಂತೋಷಕ್ಕೆ ನಾನು ಎಲ್ಲರ ಮುಂದೆ ಅತ್ತುಬಿಟ್ಟೆ.

ಇಷ್ಟು ಸ್ಥಿರವಾಗಿ ಹೇಗೆ ಹಾರಿತು ಅಂತ ಅಧ್ಯಕ್ಷೆ ಕೇಳಿದರು. ಸರ್ ಕೈಮುಗಿದು, ಎಲ್ಲ ನಿಮ್ಮ ಕೈಗುಣ ಅಂದರು. ವಿಭಾಗ ಉಳಿಯಿತು, ನಾನೂ ಉಳಿದೆ.

ಅಧ್ಯಕ್ಷೆ ಹೋದಹೋದಲ್ಲಿ ಈ ಕಥೆ ಹೇಳಿರಬೇಕು. ತಿಂಗಳು ಕಳೆದ ಮೇಲೆ ಬೇರೆ ಕಾಲೇಜಿನ ಮುಖ್ಯಸ್ಥರೊಬ್ಬರು ಸರ್‌ಗೆ ಫೋನು ಮಾಡಿದರು. ನಿಮ್ಮ ಪದ್ಧತಿಯಂತೆಯೇ ಮಾಲೆ ಹಾಕಿ ಹಾರಿಸಿದೆವು, ನಮ್ಮ ವಿಮಾನ ಚೂರುಚೂರಾಯಿತು ಅಂತ ಅವರ ಗೋಳು. ಸರ್ ಬಹಳ ಗಂಭೀರವಾಗಿ, ಯಾವ ಹೂವು ಹಾಕಿದ್ದಿರಿ ಅಂತ ಕೇಳಿದರು. ಮಲ್ಲಿಗೆ ಅಂತ ಉತ್ತರ ಬಂತು.

ಸರ್ ನನ್ನ ಕಡೆ ನೋಡಿ ತಲೆ ಅಲ್ಲಾಡಿಸಿ, ಫೋನಿನಲ್ಲಿ ಹೇಳಿದರು: “ಮತ್ತ ಬೀಳದ ಏನ್ ಮಾಡೀತ್ರಿ? ಅದೇನು ಇಮಾನಾನೋ, ಮದುಮಗಳೋ?”