ಓಟ್ಲು, ಓತೆಲ್ ಮತ್ತು ನಮ್ಮ ಮಾವ

ನಮ್ಮ ಸೋದರಮಾವನಿಗೆ ತಲೆ ಕೆಟ್ಟಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಗುಂಡ್ಲುಪೇಟೆಯಲ್ಲಿ ಕೂತು ಫ್ರೆಂಚ್ ಐತಿಹಾಸಿಕ ಕಾದಂಬರಿಗಳ ಚರ್ಚಾ ಬಳಗ ಕಟ್ಟಿದವರ ಬಗ್ಗೆ ಜನ ಬೇರೆ ಏನು ತಾನೇ ಅಂದುಕೊಂಡಾರು?

ಮಾವ ಬಂಡೀಪುರದ ದಾರಿಯ ಒಂದು ರೆಸಾರ್ಟಿನಲ್ಲಿ ಲೆಕ್ಕ ಬರೆಯುತ್ತಿದ್ದರು. ಹುಲಿ ನೋಡಲು ಬಂದು ಜಿಂಕೆ ನೋಡಿ ಹೋದ ಫ್ರೆಂಚ್ ದಂಪತಿ ಅಲ್ಲೊಂದು ದಪ್ಪ ಕಾದಂಬರಿ ಬಿಟ್ಟುಹೋದರು. ರಟ್ಟು ಕಿತ್ತುಹೋಗಿತ್ತು, ಪುಸ್ತಕದ ಹೆಸರೂ ಇಲ್ಲ, ಬರೆದವರ ಹೆಸರೂ ಇಲ್ಲ. ನಾವಾಗಿದ್ದರೆ ಬೋಂಡ ಕಟ್ಟಲು ಕೊಡುತ್ತಿದ್ದೆವು. ಮಾವ ಅದನ್ನು ಜೋಪಾನವಾಗಿ ಇಟ್ಟುಕೊಂಡು, ನಿವೃತ್ತರಾದ ಮೇಲೆ ಮೊಬೈಲ್ ಎದುರು ಕೂತು ಫ್ರೆಂಚ್ ಕಲಿತರು. ಒಗ್ಗರಣೆ ಹಾಕುತ್ತಿದ್ದ ಅತ್ತೆಗೂ ಬಿಡುಗಡೆ ಇರಲಿಲ್ಲ. ಫೋನು ಹೇಳಿದ್ದನ್ನು, ಬರೆದು ತೋರಿಸಿದ್ದನ್ನು ಗಂಡ ಹೆಂಡತಿ ಇಬ್ಬರೂ ಒಪ್ಪಿಸಬೇಕು!

"ನಮ್ ಕಡೆಯೋರ್ಗೆ ಫ್ರೆಂಚು ಉಟ್ನಿಂದ್ಲೇ ಬತ್ತದೆ ಕಣ್ಲಾ. 'ಅ' ಅನ್ನೋ ಅಕ್ಸರ ಅವ್ರ್ ಬಾಯಲ್ಲೂ ಬರಕಿಲ್ಲ," ಎಂದು ನನಗೆ ಉಪದೇಶವಾಯಿತು. ಮಾವ ಹೇಳಲು ಹೊರಟದ್ದು 'ಹ'! ಹೋಟೆಲಿಗೆ ಪ್ಯಾರಿಸ್ಸಿನವರು 'ಓತೆಲ್' ಅನ್ನುತ್ತಾರೆ, ನಾವು 'ಓಟ್ಲು' ಅನ್ನುತ್ತೇವೆ. ನಡುವೆ ಸಮುದ್ರ ಅಡ್ಡ ಬಂದಿದೆ ಅಷ್ಟೇ. ಇಲ್ಲದಿದ್ದರೆ ಪ್ಯಾರಿಸ್ಸು ಚಂದಕವಾಡಿ ಹೋಬಳಿಗೇ ಸೇರಬೇಕಿತ್ತು.

ಭಾನುವಾರದ ಬಳಗದಲ್ಲಿ ಇರುವವರು ಮಾವ, ಅತ್ತೆ, ಹಂಗಳದಲ್ಲಿ ಚೆಂಡುಹೂ ಬೆಳೆಯುವ ಮಾವನ ಸ್ನೇಹಿತರು, ಮತ್ತು ಚಾಮರಾಜನಗರದಿಂದ ಬಸ್ ಹತ್ತಿ ಬರುವ ನಾನು. ನನಗೆ ಫ್ರಾನ್ಸಿನ ಇತಿಹಾಸಕ್ಕಿಂತ ಅತ್ತೆಯ ಚಕ್ಕುಲಿ ಮುಖ್ಯ. ಮಾವ ಒಂದು ಸಾಲು ಓದುತ್ತಾರೆ, ಅರ್ಥ ಹೇಳುತ್ತಾರೆ, ಗೊತ್ತಿಲ್ಲದ ಕಡೆ ಇನ್ನೂ ಗಟ್ಟಿಯಾಗಿ ಹೇಳುತ್ತಾರೆ. ಹೀಗೆ ಸಾಗಿ ಮಳೆಗಾಲ ಕಳೆದರೂ ಕಾದಂಬರಿಯ ಡ್ಯೂಕ್ ಕುದುರೆಯಿಂದ ಇಳಿಯಲಿಲ್ಲ.

"ಆ ಕುದ್ರೆಗೆ ಒಸಿ ನೀರಾರ ಕುಡಿಸ್ಬಾರ್ದಾ ಅಣ್ಣ," ಅಂದರು ಹಂಗಳದವರು.

ಇಂಥ ಸಾಹಿತ್ಯ ವಿಮರ್ಶೆ ಯಾವ ವಿಶ್ವವಿದ್ಯಾಲಯದಲ್ಲಿ ಸಿಕ್ಕೀತು, ಹೇಳಿ! ಮಾವ ಮುಂದಿನ ಪುಟಗಳನ್ನೆಲ್ಲ ತಡಕಿ, ನೀರು ಸಿಗದೆ, ಫ್ರಾನ್ಸಿನ ಕುದುರೆಗಳು ತಡೆದುಕೊಳ್ಳುತ್ತವೆ ಎಂದು ತೀರ್ಪು ಕೊಟ್ಟರು.

ಇಷ್ಟೆಲ್ಲ ದರ್ಬಾರಿನ ನಡುವೆ ಮಾವನದು ಒಂದೇ ಹಟ: ಅತ್ತೆ ನಮ್ಮೆದುರು ಒಂದು ಪುಟ ಗಟ್ಟಿಯಾಗಿ ಓದಬೇಕು. ಅತ್ತೆ ಹಾಗೆ ಎಲ್ಲರೆದುರು ಓದುವವರಲ್ಲ. ಹುಡುಗಿಯಾಗಿದ್ದಾಗ ಪೇಟೆಯ ಹೈಸ್ಕೂಲಿಗೆ ಸೇರಿದ ಹೊಸತರಲ್ಲಿ ಮೇಷ್ಟ್ರು ಯಾವೂರು ಎಂದು ಕೇಳಿದರಂತೆ. ಇವರು ಎದ್ದು ನಿಂತು "ಅರದನಳ್ಳಿ" ಅಂದರು. ಇಡೀ ಕ್ಲಾಸು ನಕ್ಕಿತು, ಮೇಷ್ಟ್ರೂ ನಕ್ಕರು. ಹರದನಹಳ್ಳಿಯ ಆ ಹುಡುಗಿ ಆಮೇಲೆ ನಾಲ್ಕು ಜನರ ಎದುರು ಏನನ್ನೂ ಓದಲಿಲ್ಲ. ಮಾವ ಪುಸ್ತಕ ಚಾಚಿದಾಗಲೆಲ್ಲ ಅತ್ತೆ ಕಾಫಿ ಮಾಡಲು ಎದ್ದುಬಿಡುತ್ತಿದ್ದರು. ಹಾಗಾಗಿ ನಮ್ಮ ಬಳಗದಲ್ಲಿ ಕಾಫಿಗೆ ಬರ ಎಂಬುದೇ ಇರಲಿಲ್ಲ.

ಮೊನ್ನೆ ಭಾನುವಾರವೂ ಅತ್ತೆ ಎದ್ದರು. ಮಾವ ಫ್ಲಾಸ್ಕು ತೋರಿಸಿದರು. ಒಲೆಯ ಹತ್ತಿರ ಎಂದೂ ಸುಳಿಯದ ಮನುಷ್ಯ ತಾವೇ ಕಾಫಿ ಮಾಡಿ ತುಂಬಿಸಿಟ್ಟಿದ್ದರು! ಅದು ಕಾಫಿಯೇ ಎಂದು ನಾನು ಪ್ರಮಾಣ ಮಾಡಲಾರೆ. ಆದರೆ ಅತ್ತೆಗೆ ಅಡುಗೆಮನೆಯ ದಾರಿ ಮುಚ್ಚಿತು.

"ಇದ್ರಲ್ಲಿ ನೀ ತಪ್ ಮಾಡಕೆ ಜಾಗನೇ ಇಲ್ಲ. ಓದು," ಅಂದರು ಮಾವ. ಮಾತಿನಲ್ಲಿ ಎಂದಿನ ಜಂಬ ಇರಲಿಲ್ಲ, ಬೇಡಿಕೊಳ್ಳುವ ಹಾಗಿತ್ತು.

ಅತ್ತೆ ಕೂತರು. ಕನ್ನಡಕ ಏರಿಸಿ, ಸೆರಗಿನಿಂದ ಬಾಯಿ ಒರೆಸಿಕೊಂಡು ಶುರು ಮಾಡಿದರು. ಮೊದಲ ಸಾಲಿನಲ್ಲಿ ದನಿ ನಡುಗಿತು. ಆಮೇಲೆ ಗಂಡಸು ಎಂಬ 'ಓಮ್' ಬಂತು, ಕಥೆ ಎಂಬ 'ಇಸ್ತ್ವಾರ್' ಬಂತು, ಮಾನ ಎಂಬ ಅರ್ಥದ 'ಒನರ್' ಬಂತು. ಬರೆದಿರುವ ಒಂದು ಹಕಾರವನ್ನೂ ಅತ್ತೆ ಉಚ್ಚರಿಸಲಿಲ್ಲ, ಫ್ರೆಂಚಿನಲ್ಲಿ ಉಚ್ಚರಿಸಬಾರದು ಕೂಡ. ನಾವು ಯಾರೂ ನಗಲಿಲ್ಲ. ಅರ್ಥ ಹೇಳಬೇಕಾಗಿದ್ದ ಮಾವ ಟವಲ್ಲಿನಿಂದ ಕಣ್ಣು ಒತ್ತಿಕೊಳ್ಳುತ್ತಿದ್ದರು.

ಪುಟ ಮುಗಿಯಿತು. ಅತ್ತೆ ತಲೆ ಎತ್ತಿ ಮಾವನನ್ನು ನೋಡಿದರು.

"ಮುಂದುಕ್ ಓಗ್ಲಾ?"

"ಓಗು ಕಣಮ್ಮಿ," ಅಂದರು ಮಾವ.