ಏರುವುದೋ ಇಳಿಯುವುದೋ ತಿಳಿಸದ ಸಿಆರ್‌ಪಿ ಅವರಿಗೆ

ಮಾನ್ಯರೇ,

ಮನುಷ್ಯರ ರಕ್ತದಲ್ಲಿ ವಾಸವಿದ್ದು, ದೇಹದಲ್ಲಿ ಉರಿಯೂತ ಎದ್ದೊಡನೆ ತಾವೂ ಏಳುವ, ಬೆಳಿಗ್ಗೆ ಲ್ಯಾಬಿನ ಚೀಟಿಯ ಮೇಲೆ ಅಂಕಿಯಾಗಿ ದರ್ಶನ ಕೊಡುವ ತಮಗೆ, ಬಂಗಾರಪೇಟೆಯ ಆಸ್ಪತ್ರೆಯೊಂದರ ಐಸಿಯು ಹೊರಗಿನ ಬೆಂಚಿನಿಂದ ನಮಸ್ಕಾರಗಳು.

ನಮ್ಮ ದೊಡ್ಡಮ್ಮ ಗಂಗರತ್ನಮ್ಮ ನ್ಯುಮೋನಿಯಾದಿಂದ ವೆಂಟಿಲೇಟರಿನಲ್ಲಿದ್ದ ಒಂಬತ್ತು ದಿನವೂ, ಬಾಯಿಗೆ ಕೊಳವೆ ಹಾಕಿದ್ದ ಕಾರಣ, ಅವರ ಪರವಾಗಿ ನಮ್ಮೊಡನೆ ಮಾತಾಡಿದವರು ತಾವೊಬ್ಬರೇ. ಅದಕ್ಕೆ ಋಣಿಗಳು. ಆದರೆ ತಾವು ಏರಿದರೆ ಶುಭವೋ ಇಳಿದರೆ ಶುಭವೋ ಎಂದು ಮೊದಲೇ ತಿಳಿಸದಿದ್ದುದರ ಬಗ್ಗೆ ಈ ವಿನಮ್ರ ದೂರು.

ನಾವು ಕಾಮಸಮುದ್ರದ ಕಡೆಯ ಹಾಲಿನವರು. ಡೇರಿಯ ಯಂತ್ರ ಬೆಳಗಾದರೆ ಹಾಲಿನ ಫ್ಯಾಟು ಎಷ್ಟೆಂದು ಚೀಟಿ ಕೊಡುತ್ತದೆ. ಅಂಕಿ ಏರಿದ ದಿನ ಮನೆಯವರ ಮುಖ ಅರಳುತ್ತದೆ, ಇಳಿದ ದಿನ ಹಸುವಿನ ವಿಚಾರಣೆ ನಡೆಯುತ್ತದೆ. ದೊಡ್ಡಮ್ಮನ ತಮ್ಮ ಕೋದಂಡಪ್ಪ ಇಪ್ಪತ್ತಾರು ವರ್ಷ ಡೇರಿ ಕಾರ್ಯದರ್ಶಿಯಾಗಿದ್ದವರಾದ್ದರಿಂದ ತಮ್ಮ ಚೀಟಿ ಓದುವ ಅಧಿಕಾರವೂ ಸಹಜವಾಗಿ ಅವರದಾಯಿತು.

ಮೂರನೆಯ ದಿನ ತಾವು ತೊಂಬತ್ತಾರರಿಂದ ಇನ್ನೂರ ಹದಿನೆಂಟಕ್ಕೆ ಜಿಗಿದಿರಿ. "ನೋಡ್ರಲಾ, ಇನ್ನೂರಾ ಅದಿನೆಂಟು! ನಮ್ಮಕ್ಕನ ರಕ್ತ ಅಂದ್ರೆ ಸುಮ್ಕೆ ಅಲ್ಲ ಕಣ್ಲಾ!" ಎಂದ ಕೋದಂಡಪ್ಪ, ಕೆಳಗಿಳಿದು ಹೋಗಿ ಇಡೀ ಕಾರಿಡಾರಿಗೆ ಪಾನಿಪೂರಿ ತಂದರು. ಚಾಂಪಿಯನ್ ರೀಫ್ಸ್‌ನ ನಿವೃತ್ತ ಗಣಿ ಕಾರ್ಮಿಕ ಸೆಲ್ವರಾಜ್ ಅವರಿಗೆ ಎರಡು ಪೂರಿ ಹೆಚ್ಚು, ಸಾಂತ್ವನಕ್ಕೆ. ಪಕ್ಕದ ಹಾಸಿಗೆಯಲ್ಲಿದ್ದ ಅವರ ಹೆಂಡತಿ ರಾಧಾಮಣಿಯವರಲ್ಲಿ ತಾವು ನಲವತ್ತಕ್ಕೆ ಇಳಿದಿದ್ದಿರಿ. "ಎದೆಗುಂದಬ್ಯಾಡ ಸೆಲ್ವರಾಜಣ್ಣ, ಒಳ್ಳೆ ಕಡ್ಲೇಕಾಯ್ ಇಂಡಿ ಬಿದ್ರೆ ತಾನೇ ಏರ್ತದೆ." ಸೆಲ್ವರಾಜ್ ಕಣ್ಣೊರೆಸಿಕೊಂಡು ಪೂರಿ ತಿಂದರು.

ಮರುದಿನ ರಾಧಾಮಣಿಯವರ ಕೊಳವೆ ತೆಗೆದು ವಾರ್ಡಿಗೆ ಕಳಿಸಿದರು. ಕೋದಂಡಪ್ಪ ನರ್ಸ್ ಅರ್ಚನ ಅವರನ್ನು ತಡೆದು ನಿಲ್ಲಿಸಿದರು. "ಏನಮ್ಮಾ ಇದು, ನಲವತ್ತಕ್ಕೇ ಬಿಟ್ಬುಟ್ರಿ? ನಮ್ಮಕ್ಕ ಇನ್ನೂರು ದಾಟವ್ಳೆ!"

"ತಾತಾ, ಅದು ಏರಿದ್ರೆ ಒಳಗೆ ಉರಿ ಜಾಸ್ತಿ ಅಂತ. ಇಳೀಬೇಕು."

ದೊಡ್ಡಮ್ಮ ಸಾವಿನ ಹತ್ತಿರ ಹೋಗುತ್ತಿದ್ದುದಕ್ಕೆ ನಾವು ಪಾನಿಪೂರಿ ಹಂಚಿದ್ದೆವು. ಖಾಲಿ ದೊನ್ನೆಗಳು ಇನ್ನೂ ಬೆಂಚಿನ ಕೆಳಗೇ ಇದ್ದವು.

ಆದ್ದರಿಂದ ತಾವು ಹಾಲಿನ ಫ್ಯಾಟಿನೊಂದಿಗೆ ಒಮ್ಮೆ ಕೂತು ಮಾತಾಡಿ ಇಬ್ಬರೂ ಒಂದೇ ದಿಕ್ಕಿಗೆ ನಡೆಯುವ ಒಪ್ಪಂದಕ್ಕೆ ಬರಬೇಕೆಂದೂ, ಅದಾಗದಿದ್ದರೆ ಚೀಟಿಯ ಮೂಲೆಯಲ್ಲಿ ನಗುವ ಅಥವಾ ಅಳುವ ಹಸುವಿನ ಮುಖವನ್ನಾದರೂ ಅಚ್ಚು ಹಾಕಿಸಬೇಕೆಂದೂ ಕೋರುತ್ತೇನೆ. ಅಂದಿನಿಂದ ಕೋದಂಡಪ್ಪ, ಜೀವಮಾನದಲ್ಲಿ ಮೊದಲ ಬಾರಿಗೆ, ಅಂಕಿಯೊಂದು ಇಳಿಯಲೆಂದು ಕೈಮುಗಿದು ಕೂತರು. ತಾವು ದಯವಿಟ್ಟು ನೂರ ಎಪ್ಪತ್ತಾದಿರಿ, ನೂರ ನಾಲ್ಕಾದಿರಿ, ಇಂದು ಐವತ್ತೆರಡು. ಬೆಳಿಗ್ಗೆ ದೊಡ್ಡಮ್ಮನ ಕೊಳವೆ ತೆಗೆದರು. ಇನ್ನೂ ಇಳಿಯಿರಿ, ತಮ್ಮನ್ನು ಮತ್ತೆ ನೋಡುವ ಆಸೆ ನಮಗಿಲ್ಲ.

ತಮ್ಮ ವಿಶ್ವಾಸಿ,
ಅಂಬರೀಶ್

ಮರೆತ ಮಾತು: ಕೊಳವೆ ತೆಗೆದ ಮೇಲೆ ದೊಡ್ಡಮ್ಮ ಒಡೆದ ದನಿಯಲ್ಲಿ ಮೊದಲು ಕೇಳಿದ್ದು, "ನಮ್ಮ ಅಸೂಂದು ಫ್ಯಾಟು ಎಷ್ಟೈತೆ?" ಒಂಬತ್ತು ದಿನ ಯಾರೂ ಹಸುವಿಗೆ ಸರಿಯಾಗಿ ಮೇವು ಹಾಕಿರಲಿಲ್ಲ. ತಮ್ಮಿಂದ ಪಾಠ ಕಲಿತಿದ್ದ ಕೋದಂಡಪ್ಪ ಮುಖ ತುಂಬ ನಗುತ್ತಾ, "ಚೆನ್ನಾಗಿ ಇಳಿದೈತೆ ಕಣಕ್ಕಾ!" ಎಂದರು. ದೊಡ್ಡಮ್ಮ ಈಗ ಎಲ್ಲರೊಂದಿಗೂ ಮಾತಾಡುತ್ತಿದ್ದಾರೆ, ಅವರೊಬ್ಬರನ್ನು ಬಿಟ್ಟು.