ಕಣ್ಣಳತೆಯ ಟಬ್ಬು

“ಟೇಪು ಜೇಬಲ್ಲಿ ಹಾಕ್ಕೊಳ್ರೀ” ಎಂದು ಹೆಂಡತಿ ಹೇಳದೇ ಇದ್ದಿದ್ದರೆ ಟೈಲರ್ ಮಾಸ್ತರು ಟೇಪು ಹಾಕಿಕೊಂಡೇ ಹೊರಡುತ್ತಿದ್ದರೇನೋ. ಹೇಳಿಬಿಟ್ಟಳು. ಅದೂ ಪಕ್ಕದ ಮನೆಯ ನಿವೃತ್ತ ಡ್ರಿಲ್ ಮೇಷ್ಟ್ರ ಎದುರಿಗೆ.

“ನನಗೆ ಟೇಪಾ? ಗಿರಾಕಿ ಬಾಗಿಲಲ್ಲಿ ನಿಂತ್ರೆ ಸಾಕು ಕಣೇ, ಎದೆ, ಭುಜ, ತೋಳು ಎಲ್ಲಾ ತಾವಾಗೇ ಬಂದು ನನ್ನ ತಲೇಲಿ ಕೂತ್ಕೋತವೆ!”

ಸುಳ್ಳಲ್ಲ. ಮಾಸ್ತರು ಹೊಲಿದ ಅಂಗಿ ರಿಪೇರಿಗೆಂದು ಮರಳಿ ಬಂದದ್ದೇ ಇಲ್ಲ. ಆ ಹೆಸರಿಗಾಗಿ ಮಿಷನ್ನಿನ ಮುಂದೆ ಬಾಗಿ ಬಾಗಿ ಬೆನ್ನು ಬಿಲ್ಲಾಗಿತ್ತು. ಬಚ್ಚಲುಮನೆ ಒಡೆಸಿ ಹೊಸದು ಮಾಡಿಸಲು ಹೊರಟಾಗ ಅವರು ಬೇಡಿದ್ದು ಒಂದೇ: ಕತ್ತಿನವರೆಗೂ ಬಿಸಿನೀರಲ್ಲಿ ಮುಳುಗಿ ಕೂರುವಂಥ ಆಳದ ಟಬ್ಬು. ಒಳಗಿದ್ದಷ್ಟು ಹೊತ್ತು ಮಕ್ಕಳು ಬಾಗಿಲು ಬಡಿದರೂ ಕೇಳಿಸಬಾರದು.

ಯಾರೂ ಕರೆಯದಿದ್ದರೂ ಡ್ರಿಲ್ ಮೇಷ್ಟ್ರು ಸಲಹೆಗೆಂದು ಜೊತೆಗೆ ಬಂದರು.

ಅಂಗಡಿಯಲ್ಲಿ ಟಬ್ಬುಗಳು ಕೆರೆಗಿಳಿದ ಬಿಳಿ ಎಮ್ಮೆಗಳ ಹಾಗೆ ಮಲಗಿದ್ದವು. ಹೆಂಡತಿ ಟೈಲ್ಸ್ ನೋಡಲು ಆ ಕಡೆ ಹೋದಳು. ಮಾಸ್ತರ ಕಣ್ಣು ಮೂಲೆಯಲ್ಲಿದ್ದ ಕಿರಿದಾದ, ಬಾವಿಯಂಥ ಆಳದ ಟಬ್ಬಿನ ಮೇಲೆ ನಿಂತಿತು.

“ಅದು ನಿಮಗೆ ಚಿಕ್ಕದಾಗತ್ತೆ ಸಾರ್” ಎಂದ ಅಂಗಡಿಯವನು.

“ಭುಜಕ್ಕೆ ಸರಿ, ಎದೆಗೆ ಸರಿ, ಮೇಲೆ ಎರಡು ಬೆರಳು ಸಡಿಲ. ನನಗಂತ್ಲೇ ಹೊಲಿದ ಹಾಗಿದೆ!”

ಚಪ್ಪಲಿ ಬಿಟ್ಟು ಒಳಗಿಳಿದ ಮಾಸ್ತರು ತಮ್ಮ ಅಂಗಡಿಯಲ್ಲಿ ಗುಂಡಿ ಹಚ್ಚಲು ಕೂರುವ ಹಾಗೆಯೇ ಚಕ್ಕಳಮಕ್ಕಳ ಹಾಕಿ ಕೂತರು. ಭುಜಕ್ಕೆ ಸರಿಯೇ. ಎದೆಗೂ ಸರಿಯೇ. ಆದರೆ ಅಂಗಿ ಹೊಲಿಯುವವರ ಕಣ್ಣು ಸೊಂಟದಿಂದ ಕೆಳಗೆ ಇಳಿದದ್ದೇ ಇಲ್ಲ. ಮಂಡಿಗಳೆರಡೂ ಟಬ್ಬಿನ ಗೋಡೆಗೆ ಗಟ್ಟಿಯಾಗಿ ಕಚ್ಚಿಕೊಂಡವು.

“ನೋಡಾಯ್ತಲ್ಲ, ಏಳಿ!” ಎಂದರು ಡ್ರಿಲ್ ಮೇಷ್ಟ್ರು.

ಮಾಸ್ತರು ಏಳಲು ಮುಕ್ಕಿರಿದರು. ಸೀಸೆಯ ಬಿರಡೆಯಾದರೂ ಅಲ್ಲಾಡುತ್ತಿತ್ತು. ಸಿಕ್ಕಿಹಾಕಿಕೊಂಡೆ ಎಂದು ಬಾಯಿಬಿಟ್ಟರೆ ಇಷ್ಟು ವರ್ಷದ ಕಣ್ಣಳತೆ ಇವತ್ತೇ ಬೀದಿಪಾಲು.

“ಏಳೋದಾ? ಟಬ್ಬನ್ನ ಕೂತು ಅನುಭವಿಸ್ಬೇಕು ಮೇಷ್ಟ್ರೇ! ಆಹಾ... ಬೆನ್ನು ನೋವು ಎಲ್ಲಿ ಹೋಯ್ತೋ!”

ಗಿರಾಕಿಗಳು ಒಬ್ಬೊಬ್ಬರಾಗಿ ಸುತ್ತ ನೆರೆದರು. ಮಾಸ್ತರು ಕದ್ದು ಮುಕ್ಕಿರಿದಾಗಲೆಲ್ಲ ಮುಖ ಕೆಂಪೇರುತ್ತಿತ್ತು.

“ಎಂಥ ಕಳೆ ಬಂದಿದೆ ನೋಡ್ರೀ ಮುಖಕ್ಕೆ!” ಎಂದಳು ಒಬ್ಬಾಕೆ.

“ಸ್ವಲ್ಪ ಎದ್ರೆ ನಾನೂ ಕೂತು ನೋಡ್ತೀನಿ” ಎಂದ ಇನ್ನೊಬ್ಬ.

“ನೀವು ಬೇರೆ ತಗೊಳ್ಳಿ ಸ್ವಾಮಿ, ಇದು ನನ್ನದು!”

ಆ ಮಾತು ಕೇಳುತ್ತ ಬಂದ ಹೆಂಡತಿಯ ಕಣ್ಣು ಹೆಮ್ಮೆಯಿಂದ ಮಿನುಗಿತು. “ನಮ್ಮನೆಯವರ ಕಣ್ಣಿಗೆ ಬಿದ್ದದ್ದು ತಪ್ಪಾಗೋದುಂಟಾ?” ಎನ್ನುತ್ತ ನೇರ ಹೋಗಿ ದುಡ್ಡು ಕಟ್ಟಿಯೇ ಬಂದಳು.

“ಲೇ, ಸ್ವಲ್ಪ ಕೈ ಕೊಡೇ” ಮಾಸ್ತರು ಪಿಸುಗುಟ್ಟಿದರು.

“ಅಯ್ಯೋ, ಏಳ್ಬೇಡಿ! ಇಷ್ಟು ಆಸೆಪಟ್ಟು ಕೂತಿದೀರ. ಹಾಗೇ ಹೊತ್ಕೊಂಡು ಬರ್ತಾರೆ ಬಿಡಿ.”

ಹಮಾಲರು ಟಬ್ಬನ್ನು ಮಾಸ್ತರ ಸಮೇತ ಟೆಂಪೋಗೆ ಏರಿಸಿದರು. ದಾರಿಯುದ್ದಕ್ಕೂ ಜನ ಕಿಟಕಿ ತೆರೆದು ನೋಡಿದರು. ಬೇರೆ ದಾರಿ ಕಾಣದೆ ಮಾಸ್ತರು ಚುನಾವಣೆ ಗೆದ್ದವರ ಹಾಗೆ ಕೈ ಬೀಸಿದರು. ಬೀಸುತ್ತ ಬೀಸುತ್ತ, ನಿಜ ಹೇಳಬೇಕೆಂದರೆ, ಚೆನ್ನಾಗಿಯೇ ಇತ್ತು.

ಅಂಗಳದಲ್ಲಿ ಹಮಾಲರು ಟಬ್ಬನ್ನು ಮಗುಚಿ ಹಿಡಿದು ತಟ್ಟಿದಾಗ ಮಾಸ್ತರು ಗೋಣಿಚೀಲದಿಂದ ಕುಂಬಳಕಾಯಿ ಬಿದ್ದಂತೆ ಹೊರಗುರುಳಿದರು.

“ಇಳಿಯೋಕೇ ಮನಸ್ಸಿಲ್ಲ ಪಾಪ!” ಹೆಂಡತಿ ನಕ್ಕಳು.

ಮಂಡಿ ತಿಕ್ಕಿಕೊಳ್ಳುತ್ತ ಮಾಸ್ತರು, ಇದನ್ನು ವಾಪಸು ಕೊಟ್ಟುಬಿಡೋಣ ಎಂದು ಬಾಯಿ ತೆರೆಯುವಷ್ಟರಲ್ಲಿ ಡ್ರಿಲ್ ಮೇಷ್ಟ್ರು ಬೀದಿಯ ಅರ್ಧ ಜನರನ್ನು ಸಾಲಾಗಿ ನಡೆಸಿಕೊಂಡು ಒಳಬಂದರು.

“ಮಾಸ್ತರೇ, ನಿಮ್ಮ ಮಾತಿನ ಮೇಲೆ ನಾವೆಲ್ಲಾ ಅಂಗಡಿಗೆ ಫೋನ್ ಮಾಡಿ ಅದೇ ಟಬ್ಬಿಗೆ ಹೇಳಿಬಿಟ್ವಿ! ನಾಳೆ ಮನೆಮನೆಗೂ ಬರತ್ತೆ. ಆದ್ರೆ ಅಂಗಡಿಯವನಿಗೆ ಒಂದು ಷರತ್ತು ಹಾಕಿದೀವಿ.”

“ಏನದು?”

“ಒಂದೊಂದರಲ್ಲೂ ನೀವು ಕೂತು, ಸರಿ ಇದೆ ಅಂದ್ಮೇಲೇ ನಾವು ಇಳಿಸ್ಕೊಳ್ಳೋದು.”

“ಬರದೇ ಏನು? ಬಂದೇ ಬರ್ತಾರೆ!” ಎಂದಳು ಹೆಂಡತಿ, ಸೆರಗು ಸರಿಮಾಡಿಕೊಂಡು. “ಅಳತೆ ಅಂದ್ರೆ ಇವರೇ ಅಲ್ವಾ?”

ಮಂಡಿಗಳು ಬೇಡ ಬೇಡ ಎಂದವು. ಉಬ್ಬಿದ ಎದೆ ಕೇಳಬೇಕಲ್ಲ?

“ಯಾರ ಮನೆಯಿಂದ ಶುರು ಮಾಡೋಣ?” ಎಂದರು ಮಾಸ್ತರು.